ಮೆಂಬ್ರೇನ್ ಎಸೆಯುವ ಮೊದಲು ತೊಳೆದ ನೀರನ್ನು ಪರೀಕ್ಷಿಸಿ

ಫ್ಯೂಯೆಲ್ ಸೆಲ್ ಲ್ಯಾಬಿಗೆ ಹೊಸದಾಗಿ ಸೇರಿದವರು ದಯವಿಟ್ಟು ಇದನ್ನು ಓದಿ. ನನ್ನ ನಾಲ್ಕು ತಿಂಗಳು ಹಾಳಾಗಿದ್ದು ಹೀಗೆ.

ಪೀಕ್ (PEEK) ಎಂಬ ಪಾಲಿಮರನ್ನು ಗಟ್ಟಿ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ಸಲ್ಫೋನೇಟ್ ಮಾಡುತ್ತಿದ್ದೆ, ಅಂದರೆ ಪ್ರೋಟಾನ್ ಸಾಗಿಸುವ ಸಲ್ಫೋನಿಕ್ ಗುಂಪುಗಳನ್ನು ಅದಕ್ಕೆ ಸೇರಿಸುತ್ತಿದ್ದೆ. ಆಮೇಲೆ ಪಿಎಚ್ 7ಕ್ಕೆ ಬರುವವರೆಗೆ ನೀರಿನಲ್ಲಿ ತೊಳೆಯಬೇಕು. ಇದಕ್ಕೆ ತುಂಬಾ ನೀರು ಬೇಕು, ದಿನಗಟ್ಟಲೆ ಬದಲಿಸುತ್ತಲೇ ಇರಬೇಕು. ಅದನ್ನು ಹಾಳೆ ಮಾಡಿ (ಇದೇ ಮೆಂಬ್ರೇನ್, ಫ್ಯೂಯೆಲ್ ಸೆಲ್ಲಿನಲ್ಲಿ ಪ್ರೋಟಾನ್ ದಾಟಿಸುವ ಪದರ), ನಾಲ್ಕು ತಂತಿಯ ಸೆಲ್ಲಿನಲ್ಲಿ ಹಾಕಿ ಇಂಪೀಡೆನ್ಸ್ (ಎಸಿ ರೋಧ) ತೆಗೆದರೆ ಪ್ರೋಟಾನ್ ವಾಹಕತೆ ತೀರಾ ಕಡಿಮೆ. ಸಲ್ಫೋನೇಷನ್ ಸಾಲದು ಅಂದುಕೊಂಡೆ. ಹೊತ್ತು ಜಾಸ್ತಿ ಮಾಡಿದೆ, ಬಿಸಿ ಜಾಸ್ತಿ ಮಾಡಿದೆ. ಮೂರು ಬ್ಯಾಚ್ ಕಸಕ್ಕೆ ಹೋಯಿತು.

ಸೀನಿಯರ್ ಒಬ್ಬರು ಬಂದು ನೋಡಿ, "ನಿನ್ನದು ಪಕ್ಕಕ್ಕಿಡಮ್ಮ, ಮೊದಲು ನಾಫಿಯಾನ್ ಹಾಕು" ಅಂದರು. ನಾಫಿಯಾನ್ ಅಂದರೆ ಕೊಂಡು ತರುವ, ಗುಣ ಮೊದಲೇ ಗೊತ್ತಿರುವ ಮೆಂಬ್ರೇನ್. ಅದರ 117 ಎಂಬ ಬಗೆ ಪೂರ್ತಿ ನೆನೆದಾಗ ಕೋಣೆಯ ಬಿಸಿಯಲ್ಲೇ ಸೆಂಟಿಮೀಟರಿಗೆ ಸುಮಾರು 0.1 ಸೀಮೆನ್ಸ್ ಕೊಡಬೇಕು. ಒಂದು ಸೆಂಟಿಮೀಟರ್ ಅಗಲದ ಪಟ್ಟಿಗೆ, ಅಷ್ಟೇ ದೂರದ ತಂತಿಗಳ ನಡುವೆ, 500 ಓಮ್ ಆಸುಪಾಸು. ಲ್ಯಾಬಿನ ಅದೇ ನೀರಿನಲ್ಲಿ ನೆನೆಸಿ ಅಳೆದರೆ ನನಗೆ ಬಂದದ್ದು 1200! ಅಂದರೆ ತಪ್ಪು ನನ್ನ ಪೀಕಿನದಷ್ಟೇ ಅಲ್ಲ.

ಅವರು ಸೀದಾ ನಲ್ಲಿಯ ಹತ್ತಿರ ಹೋಗಿ ಕಂಡಕ್ಟಿವಿಟಿ ಮೀಟರಿನ ಕಡ್ಡಿಯನ್ನು ಡಿಐ (ಅಯಾನು ತೆಗೆದ) ನೀರಿನ ಬೀಕರಿನಲ್ಲಿ ಅದ್ದಿದರು. ಸೆಂಟಿಮೀಟರಿಗೆ ಒಂದೆರಡು ಮೈಕ್ರೋಸೀಮೆನ್ಸ್ ಇರಬೇಕಾದಲ್ಲಿ 180. ನೀರಿನ ಅಯಾನುಗಳನ್ನು ಹಿಡಿಯುವ ಕಾರ್ಟ್ರಿಡ್ಜ್ ಯಾವಾಗಲೋ ಮುಗಿದಿತ್ತು, ಬದಲಿಸಿದ ದಿನ ಯಾರೂ ಬರೆದಿಟ್ಟಿರಲಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಪೂರ್ತಿ ಶುದ್ಧವಾಗದೆ ಬರುತ್ತಿತ್ತು. ಅದರ ಒಂದೊಂದು ಕ್ಯಾಲ್ಸಿಯಂ ಅಯಾನು ಮೆಂಬ್ರೇನಿನ ಸಲ್ಫೋನಿಕ್ ಗುಂಪುಗಳಿಂದ ಎರಡೆರಡು ಪ್ರೋಟಾನ್ ಓಡಿಸಿ, ತಾನು ಗಟ್ಟಿಯಾಗಿ ಕೂರುತ್ತದೆ. ನಾನು ಶ್ರದ್ಧೆಯಿಂದ ತೊಳೆದಷ್ಟೂ ಮೆಂಬ್ರೇನ್ ಕೆಡುತ್ತಿತ್ತು. ಪಿಎಚ್ ಪೇಪರಿಗೆ ಇದೆಲ್ಲ ಎಲ್ಲಿ ಕಾಣಬೇಕು?

ನಾಫಿಯಾನನ್ನು 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಒಂದು ಗಂಟೆ ಕುದಿಸಿ, ಒಳ್ಳೆಯ ನೀರಿನಲ್ಲಿ ಮತ್ತೊಂದು ಗಂಟೆ ಕುದಿಸಿದೆವು. 520 ಓಮಿಗೆ ಇಳಿಯಿತು. ಸಲ್ಫೋನೇಟ್ ಆದ ಪೀಕನ್ನು ಮಾತ್ರ ಹೀಗೆ ಕುದಿಸಬೇಡಿ, ಸಲ್ಫೋನೇಷನ್ ಜಾಸ್ತಿಯಿದ್ದರೆ ಉಬ್ಬಿ ಕರಗಿಯೇ ಹೋಗುತ್ತದೆ. ತಣ್ಣನೆಯ ಆಮ್ಲದಲ್ಲಿ ಒಂದು ದಿನ ನೆನೆಸಿಟ್ಟರೆ ಸಾಕು.

ದಪ್ಪವನ್ನೂ ಒದ್ದೆ ಇದ್ದಾಗಲೇ ಅಳೆಯಿರಿ. ಒಣ ನಾಫಿಯಾನ್ 117 ಸುಮಾರು 183 ಮೈಕ್ರಾನ್, ನೆನೆದರೆ ಅದಕ್ಕಿಂತ ದಪ್ಪ. ಆ ಸಂಖ್ಯೆ ನೇರವಾಗಿ ವಾಹಕತೆಯ ಲೆಕ್ಕಕ್ಕೆ ಬರುತ್ತದೆ.

ನನ್ನ ಹತ್ತಿರ ಉಳಿದಿದ್ದ ನಾಲ್ಕನೇ ಬ್ಯಾಚಿನ ತುಂಡನ್ನು ಆಮ್ಲದಲ್ಲಿ ನೆನೆಸಿ ಮತ್ತೆ ಅಳೆದೆ. ವಾಹಕತೆ ಎರಡು ಪಟ್ಟಿಗಿಂತ ಮೇಲೆ ಬಂತು. ಎಸೆದ ಮೂರೂ ಚೆನ್ನಾಗಿಯೇ ಇದ್ದವೋ ಏನೋ.