ಹೊಸ ಮ್ಯಾಗ್ನೆಟ್ರಾನ್ ಬಂತು, ಮೀಟರ್ ಇಟ್ಟೆ, ಸತ್ತಿತ್ತು

ಮೈಕ್ರೋವೇವ್ ಓವನ್ನಿಗೆ ಹಾಕುವ ಬದಲಿ ಮ್ಯಾಗ್ನೆಟ್ರಾನಿನ, ಅಂದರೆ ಒಳಗೆ ಮೈಕ್ರೋವೇವ್ ಹುಟ್ಟಿಸುವ ಟ್ಯೂಬಿನ, ರಿವ್ಯೂ ಇದು. ಎರಡು ಕೊಂಡೆ. ಮೊದಲನೆಯದಕ್ಕೆ ಒಂದು ಸ್ಟಾರ್, ಎರಡನೆಯದಕ್ಕೆ ನಾಲ್ಕು. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಹಾಕಿದರೂ ನಿಮಗೆ ಪ್ರಯೋಜನ ಕಡಿಮೆ, ಯಾಕೆಂದರೆ ಒಂದೇ ಟ್ಯೂಬ್ ನಾಲ್ಕು ಸ್ಟಿಕರ್ ಅಂಟಿಸಿಕೊಂಡು ಬರುತ್ತದೆ. ಅದರ ಬದಲು ಒಳಗೆ ಏನಿತ್ತು ಅಂತ ಹೇಳುತ್ತೇನೆ. ಮಿಕ್ಕವರು "ಚೆನ್ನಾಗಿ ಬಿಸಿ ಆಗ್ತಿದೆ, ಥ್ಯಾಂಕ್ಸ್" ಅಂತ ಬರೆದು ಹೋಗಿದ್ದಾರೆ. ನಾನು ಹ್ಯಾಕ್ಸಾ ಹಿಡಿದು ಕೊಯ್ದು ನೋಡಿದ್ದೇನೆ.

ಓವನ್ ಒಂಬತ್ತು ವರ್ಷದ್ದು. ಗುಂಯ್ ಅನ್ನುತ್ತಿತ್ತು, ತಟ್ಟೆ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಬಿಸಿ ಮಾತ್ರ ಅರ್ಧಂಬರ್ಧ. ಒಂದು ಲೀಟರ್ ತಣ್ಣೀರು ಇಟ್ಟು ಸರಿಯಾಗಿ 60 ಸೆಕೆಂಡ್ ಓಡಿಸಿದೆ. ಥರ್ಮಾಮೀಟರ್ 6 ಡಿಗ್ರಿ ಏರಿತು. ಈ ಲೆಕ್ಕ ಸುಲಭ: ಏರಿದ ಡಿಗ್ರಿಯನ್ನು 70ರಿಂದ ಗುಣಿಸಿದರೆ ನೀರಿಗೆ ಸೇರಿದ ವ್ಯಾಟ್ ಹೆಚ್ಚುಕಡಿಮೆ ಸಿಗುತ್ತದೆ. 420 ಬಂತು. ಓವನ್ನಿನ ಬೆನ್ನಿನ ಮೇಲೆ 900 ಅಂತ ಬರೆದಿದೆ. ಟ್ರಾನ್ಸ್‌ಫಾರ್ಮರ್, ಡಯೋಡ್, ಕೆಪಾಸಿಟರ್ ಎಲ್ಲ ಸರಿ ಇದ್ದವು. ಉಳಿದಿದ್ದು ಮ್ಯಾಗ್ನೆಟ್ರಾನ್ ಒಂದೇ.

ಇದನ್ನು ಓದಿ ನೀವೂ ಓವನ್ ಬಿಚ್ಚಲು ಹೊರಟಿದ್ದರೆ ಒಂದು ಮಾತು. ಒಳಗೆ 4000 ವೋಲ್ಟ್ ಹತ್ತಿರ ಓಡುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ಅದನ್ನು ಖಾಲಿ ಮಾಡುವುದು ಹೇಗೆ ಅಂತ ಕೈಯಾರೆ ಕಲಿಯದೆ ಕೈ ಹಾಕಬೇಡಿ. ಇದು ಹೆದರಿಸಲು ಹೇಳಿದ್ದಲ್ಲ, ಇದರಿಂದ ಜೀವ ಹೋಗುತ್ತದೆ.

ಮೊದಲನೆಯದು ಬಂತು. ರಟ್ಟಿನ ಡಬ್ಬದ ಒಂದು ಮೂಲೆ ಒಳಕ್ಕೆ ನುಗ್ಗಿತ್ತು. ಒಳಗೆ ಗುಳ್ಳೆ ಪ್ಲಾಸ್ಟಿಕ್ ಒಂದೇ ಸುತ್ತು, ಟ್ಯೂಬ್ ಅಡ್ಡಡ್ಡ ಮಲಗಿತ್ತು. ಜೊತೆಗಿದ್ದ ಹುಡುಗ, "ಸರ್, ಹೊಸದು ಅಲ್ವಾ, ಹಾಕಿಬಿಡೋಣ" ಅಂದ. ತಡಿಯೋ ಅಂದು ಮೀಟರ್ ತೆಗೆದೆ.

ಮ್ಯಾಗ್ನೆಟ್ರಾನಿನ ಒಳಗೆ ಕಾದು ಎಲೆಕ್ಟ್ರಾನ್ ಚೆಲ್ಲುವ ತಂತಿಯೇ ಫಿಲಮೆಂಟ್. ಅದರ ಎರಡು ಪಿನ್‌ಗಳ ನಡುವೆ ಒಂದು ಓಮ್‌ಗಿಂತ ಎಷ್ಟೋ ಕಡಿಮೆ ಬರಬೇಕು. ಸಾಮಾನ್ಯ ಮೀಟರಿನಲ್ಲಿ ಅದರ ವೈರಿನದೇ ಸೇರಿ 0.2, 0.3 ತೋರಿಸುತ್ತದೆ. ಪಿನ್‌ನಿಂದ ಬಾಡಿಗೆ ಏನೂ ಬರಬಾರದು. ಪಿನ್ ಕೆಳಗೆ ಮಾಡಿ ನಿಲ್ಲಿಸಿ ನೋಡಿದೆ, 0.3. ಹುಡುಗ ನನ್ನ ಮುಖ ನೋಡಿದ. ಅಡ್ಡ ಮಲಗಿಸಿದೆ. ಓಪನ್, ಅಂದರೆ ಸಂಪರ್ಕವೇ ಇಲ್ಲ. ಮತ್ತೆ ನಿಲ್ಲಿಸಿದೆ. 0.3. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಅಂಕಿ ಕುಣಿಯುತ್ತಿತ್ತು. ಒಳಗೆ ಫಿಲಮೆಂಟಿನ ಮುರಿದ ತುದಿ ತನ್ನ ಭಾರಕ್ಕೇ ಜೋಲಿ ಇನ್ನೊಂದು ತುದಿಯನ್ನು ಮುಟ್ಟುತ್ತಿತ್ತು, ಅಷ್ಟೇ. ನಿಲ್ಲಿಸಿ ಒಂದೇ ಸಲ ನೋಡಿದವರು ಇದನ್ನು ಪಾಸ್ ಮಾಡಿಬಿಡುತ್ತಾರೆ. ಕಾರ್ಖಾನೆಯಲ್ಲೂ ಅದೇ ಆಗಿರಬಹುದು. ಅದಕ್ಕೇ ನಿಲ್ಲಿಸಿ, ಮಲಗಿಸಿ, ತಲೆಕೆಳಗೆ ಮಾಡಿ, ಮೂರೂ ರೀತಿ ನೋಡಿ.

ಮಾರಿದವರು ಮೊದಲು "ನೀವೇ ಬೀಳಿಸಿದ್ದೀರಿ" ಅಂದರು. ಡಬ್ಬ ಬಿಚ್ಚುವಾಗಿನ ವಿಡಿಯೋ, ಮೀಟರಿನ ವಿಡಿಯೋ, ಮೂಲೆ ನುಗ್ಗಿದ ಫೋಟೋ ಎಲ್ಲ ಕಳಿಸಿದೆ. ಹದಿನೆಂಟು ದಿನಕ್ಕೆ ದುಡ್ಡು ವಾಪಸ್ ಬಂತು. ಟ್ಯೂಬ್ ಏನು ಮಾಡಲಿ ಅಂತ ಕೇಳಿದರೆ ನೀವೇ ಇಟ್ಕೊಳ್ಳಿ ಅಂದರು. ಇಡೀ ವ್ಯವಹಾರದಲ್ಲಿ ನನಗೆ ಖುಷಿ ಕೊಟ್ಟ ಮಾತು ಅದೊಂದೇ.

ನಾನು ಹಿಂದೆ ಕೆಲವು ವರ್ಷ ಟ್ರಾವೆಲಿಂಗ್ ವೇವ್ ಟ್ಯೂಬ್ (ಮೈಕ್ರೋವೇವ್ ಸಿಗ್ನಲ್ಲಿನ ಬಲ ಹೆಚ್ಚಿಸುವ ಟ್ಯೂಬ್) ಜೋಡಿಸುವ ಬೆಂಚಿನಲ್ಲಿ ಕೂತಿದ್ದವನು. ಕೈಗೆ ಗ್ಲೌಸ್, ಕಣ್ಣಿಗೆ ಮೈಕ್ರೋಸ್ಕೋಪ್, ಬೆರಳಲ್ಲಿ ಚಿಮಟ. ಆ ಚಟ ಹೋಗಿಲ್ಲ. ಸತ್ತ ಹೊಸದು, ಸುಸ್ತಾದ ಹಳೆಯದು, ಎರಡನ್ನೂ ವೈಸಿಗೆ ಕಟ್ಟಿದೆ.

ಹೊರಗಿನ ತಗಡು, ತೆಳು ಫಿನ್‌ಗಳು, ಎರಡು ಫೆರೈಟ್ ಉಂಗುರ ಅಯಸ್ಕಾಂತ ಕಳಚಿದರೆ ಕೈಯಲ್ಲಿ ಉಳಿಯುವುದು ಮುಷ್ಟಿಯಲ್ಲಿ ಹಿಡಿಯುವಷ್ಟು ತಾಮ್ರದ ಸಿಲಿಂಡರ್. ಹಳೆಯದರ ಮೇಲಿನ ಅಂಚಿನಲ್ಲಿ ಹಲ್ಲು ತಾಗುತ್ತಿದ್ದಂತೆ ಸುಯ್ ಅಂತ ಗಾಳಿ ಒಳಕ್ಕೆ ಹೋಯಿತು. ಅಂದರೆ ಒಂಬತ್ತು ವರ್ಷವಾದರೂ ಒಳಗಿನ ನಿರ್ವಾತ ಹಾಗೇ ಇತ್ತು. ಸಿರಾಮಿಕ್ ಭಾಗಕ್ಕೆ ಮಾತ್ರ ಗರಗಸವನ್ನೂ ಅರವನ್ನೂ ತಾಗಿಸಲಿಲ್ಲ. ಓವನ್ನಿನ ಟ್ಯೂಬಿನಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್). ಆದರೆ ಮೈಕ್ರೋವೇವ್ ಟ್ಯೂಬುಗಳಲ್ಲಿ ಬೆರಿಲಿಯಾ (ಬೆರಿಲಿಯಂ ಆಕ್ಸೈಡ್) ಕೂಡ ಬಳಕೆಯಲ್ಲಿದೆ, ಅದರ ಪುಡಿ ಉಸಿರಿಗೆ ಹೋದರೆ ಶ್ವಾಸಕೋಶ ಹಾಳು. ಗುಲಾಬಿ ಬಣ್ಣ ಇದ್ದರೆ ಬೆರಿಲಿಯಾ, ಬಿಳಿ ಇದ್ದರೆ ಅಲ್ಲ ಅನ್ನುವ ಮಾತು ಓಡಾಡುತ್ತದೆ. ಬಣ್ಣ ನಂಬಿ ಕೂರಬೇಡಿ. ಯಾವ ಸಿರಾಮಿಕ್ ಆದರೂ ಒಡೆಯಬೇಡಿ, ಉಜ್ಜಬೇಡಿ.

ಈಗ ಒಳಗಿನ ವಿಷಯ. ಸುತ್ತ ತಾಮ್ರದ ಹತ್ತು ರೆಕ್ಕೆಗಳು ನಡುವಿನ ಕಡೆಗೆ ಚಾಚಿವೆ. ಅವುಗಳ ಅಂಚಿನಲ್ಲಿ ಬಳೆ ಥರದ ಸಣ್ಣ ಉಂಗುರಗಳಿವೆ, ಒಂದು ಬಿಟ್ಟು ಒಂದು ರೆಕ್ಕೆಗೆ ಬೆಸುಗೆ ಹಾಕಿದ್ದು. ಇವಕ್ಕೆ ಸ್ಟ್ರಾಪ್ ಅನ್ನುತ್ತಾರೆ. 1940ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ರ್‍ಯಾಂಡಲ್ ಮತ್ತು ಬೂಟ್ ಕ್ಯಾವಿಟಿ ಮ್ಯಾಗ್ನೆಟ್ರಾನ್ ಮಾಡಿದಾಗ ಸ್ಟ್ರಾಪ್ ಇರಲಿಲ್ಲ. ಮರುವರ್ಷ ಅದೇ ಬಳಗದ ಸೇಯರ್ಸ್ ಸೇರಿಸಿದ ಮೇಲೆ ಟ್ಯೂಬ್ ಒಂದು ಕಂಪನದಿಂದ ಇನ್ನೊಂದಕ್ಕೆ ಹಾರುವುದು ನಿಂತಿತು. ಎರಡೂ ಟ್ಯೂಬುಗಳಲ್ಲಿ ಈ ಭಾಗ ಚೆನ್ನಾಗಿಯೇ ಇತ್ತು. ತಕರಾರು ಇರುವುದು ನಟ್ಟನಡುವೆ.

ಅಲ್ಲಿ ಫಿಲಮೆಂಟ್ ಸುರುಳಿ ನಿಂತಿದೆ. ಥೋರಿಯಂ (ವಿಕಿರಣ ಸೂಸುವ ಲೋಹ) ಬೆರೆಸಿದ ಟಂಗ್‌ಸ್ಟನ್ ತಂತಿ, ಬೆರಳಿನ ಉಗುರಿನಷ್ಟೇ ಉದ್ದ. ಅದರ ಕೆಳಗೊಂದು ಮೇಲೊಂದು ಮಾಲಿಬ್ಡಿನಂ ಟೋಪಿ. ಸುರುಳಿಯ ಹೊಟ್ಟೆಯೊಳಗಿಂದ ಒಂದು ಮಾಲಿಬ್ಡಿನಂ ಕಡ್ಡಿ ಹಾದುಹೋಗಿ ಮೇಲಿನ ಟೋಪಿಯನ್ನು ಹೊರುತ್ತದೆ, ಪಕ್ಕದ ಇನ್ನೊಂದು ಕಡ್ಡಿ ಕೆಳಗಿನ ಟೋಪಿಯನ್ನು. ಎರಡೂ ಕಡ್ಡಿಗಳು ಕೆಳಗೆ ಸಿರಾಮಿಕ್ಕಿನಲ್ಲಿ ಕೂತಿವೆ. ಆಧಾರ ಅಂತ ಇರುವುದು ಅದೊಂದೇ ಕಡೆ. ಮೇಲ್ತುದಿಗೆ ಯಾವ ಹಿಡಿತವೂ ಇಲ್ಲ, ನೆಲಕ್ಕೆ ನೆಟ್ಟ ಕೋಲಿನ ತುದಿಯ ಹಾಗೆ ಗಾಳಿಯಲ್ಲಿ, ಅಲ್ಲ, ಗಾಳಿಯೇ ಇಲ್ಲದ ಜಾಗದಲ್ಲಿ ನಿಂತಿದೆ.

ಮೇಲೂ ಹಿಡಿದರೆ ಆಗಲ್ವಾ ಅಂತ ಹುಡುಗ ಕೇಳಿದ. ಹಿಡಿದರೆ ಆ ದಾರಿಯಲ್ಲಿ ಶಾಖ ಸೋರುತ್ತದೆ. ಸುರುಳಿ ಕೆಲಸ ಮಾಡುವುದು 1700 ಡಿಗ್ರಿ ಆಸುಪಾಸಿನಲ್ಲಿ. ಸುತ್ತಲಿನ ತಾಮ್ರಕ್ಕೂ ಅದಕ್ಕೂ 4000 ವೋಲ್ಟ್ ವ್ಯತ್ಯಾಸ. ಮಧ್ಯದ ಸಂದು ನನ್ನ ಕ್ಯಾಲಿಪರ್ ಲೆಕ್ಕಕ್ಕೆ ಎರಡೂವರೆ ಮಿಲಿಮೀಟರ್ ಇಲ್ಲ. ಜೊತೆಗೆ ಬಿಸಿಯಾದಾಗ ಸುರುಳಿ ಒಂದು ಕೂದಲಿನಷ್ಟು ಉದ್ದ ಆಗುತ್ತದೆ, ಒಳಗಿನ ಕಡ್ಡಿ ಅಷ್ಟು ಬಿಸಿಯಾಗದೆ ಅಷ್ಟು ಉದ್ದ ಆಗಲ್ಲ. ಎರಡರ ಜಗಳವನ್ನು ಸುರುಳಿ ಸ್ಪ್ರಿಂಗ್ ಥರ ನುಂಗಿಕೊಳ್ಳಬೇಕು. ಸ್ವಿಚ್ ಒತ್ತಿದಾಗಲೆಲ್ಲ ಇದೇ ಕಥೆ.

ಸಾಲದ್ದಕ್ಕೆ ಆ ತಂತಿಯ ಮೈಗೆ ಬೇಕಂತಲೇ ಕಾರ್ಬನ್ ಹಿಡಿಸಿರುತ್ತಾರೆ, ಥೋರಿಯಂ ಸಲೀಸಾಗಿ ಹೊರಬರಲಿ ಅಂತ. ಆ ಪದರ ಟಂಗ್‌ಸ್ಟನ್ ಕಾರ್ಬೈಡ್. ಎಲೆಕ್ಟ್ರಾನ್ ಚೆನ್ನಾಗಿ ಚೆಲ್ಲುತ್ತದೆ, ಆದರೆ ತಣ್ಣಗಿದ್ದಾಗ ಗಾಜಿನ ಹಾಗೆ. ಹೊತ್ತಿ ಉರಿಯುವಾಗಿನದಕ್ಕಿಂತ ಡಬ್ಬದಲ್ಲಿ ಸುಮ್ನೆ ಕೂತಾಗಲೇ ಇದಕ್ಕೆ ಅಪಾಯ ಜಾಸ್ತಿ. ಹಾಗಾಗಿ ಕಡ್ಡಿ ಎಷ್ಟು ಗಟ್ಟಿ, ಬೆಸುಗೆ ಎಷ್ಟು ನೇರ, ಇವೆರಡರ ಮೇಲೆ ಟ್ಯೂಬಿನ ಆಯಸ್ಸು ನಿಂತಿದೆ.

ಹಳೆಯದರ ನಡುಕಡ್ಡಿ 1.5 ಮಿಲಿಮೀಟರ್. ಹೊಸದರದು 1.2. ಅಷ್ಟರಲ್ಲೇನಿದೆ ಅನ್ನಬೇಡಿ. ದುಂಡು ಕಡ್ಡಿಯ ಗಟ್ಟಿತನ ದಪ್ಪದ ನಾಲ್ಕನೇ ಘಾತಕ್ಕೆ ಹೋಗುತ್ತದೆ. ಕಾಲುಭಾಗ ದಪ್ಪ ಹೆಚ್ಚಿದರೆ ಬಾಗದಿರುವ ಶಕ್ತಿ ಎರಡೂವರೆ ಪಟ್ಟು. ಹಳೆಯದರಲ್ಲಿ ಇನ್ನೊಂದು ಜಾಣತನ ಇತ್ತು: ಅರ್ಧ ದಾರಿಯಲ್ಲಿ ಎರಡು ತೂತಿನ ಒಂದು ಸಿರಾಮಿಕ್ ಬಿಲ್ಲೆ, ಶರ್ಟಿನ ಗುಂಡಿಯ ಥರ. ಎರಡೂ ಕಡ್ಡಿಗಳು ಅದರೊಳಗಿಂದ ತೂರಿ ಬಂದಿವೆ. ಒಂದು ಅಲುಗಾಡಿದರೆ ಇನ್ನೊಂದು ಹಿಡಿಯುತ್ತದೆ, ಒಂದಕ್ಕೊಂದು ತಾಗುವುದೂ ಇಲ್ಲ. ಹೊಸದರಲ್ಲಿ ಆ ಗುಂಡಿಯೇ ಇಲ್ಲ. ಎಷ್ಟು ಉಳಿಸಿದರೋ ದೇವರಿಗೇ ಗೊತ್ತು.

ಹೊಸದರ ಸುರುಳಿ ಮೇಲಿನ ಟೋಪಿಯ ಬುಡದಲ್ಲೇ, ಮೊದಲ ಸುತ್ತಿನಲ್ಲಿ ಮುರಿದಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಮುರಿದ ಮುಖ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು. ಕರಗಿದ ಗುಂಡು ಇಲ್ಲ. ಅಂದರೆ ಉರಿದು ಹೋಗಿದ್ದಲ್ಲ, ಪಟ್ ಅಂತ ಮುರಿದಿದ್ದು. ಅಲ್ಲಿಯ ಬೆಸುಗೆ ಒಂದು ಪಕ್ಕ ಗುಡ್ಡೆ ಕಟ್ಟಿತ್ತು, ಇನ್ನೊಂದು ಪಕ್ಕ ಬರೀ ಒರೆಸಿದಂತಿತ್ತು. ಟೋಪಿ ಓರೆ. ಸುರುಳಿ ನಡುವಿನಿಂದ 0.4 ಮಿಲಿಮೀಟರ್ ಪಕ್ಕಕ್ಕೆ. ಡಬ್ಬ ಬಿದ್ದಿದ್ದು ನಿಜ, ಮೂಲೆ ನುಗ್ಗಿದ್ದೂ ನಿಜ. ಆದರೆ ಬಿದ್ದ ಮಾತ್ರಕ್ಕೆ ಬೆಸುಗೆ ಒಂದು ಕಡೆ ಗುಡ್ಡೆ ಆಗಲ್ಲ. ಈ ಜಾಗಕ್ಕೆ ಹಾಕುವ ರುಥೇನಿಯಂ-ಮಾಲಿಬ್ಡಿನಂ ಬೆಸುಗೆ ಕರಗುವುದೇ 2000 ಡಿಗ್ರಿ ಹತ್ತಿರ. ಅದು ಹುಟ್ಟಿನಿಂದ ಬಂದ ಓರೆ. ಬೀಳದಿದ್ದರೂ ಅದು ಜಾಸ್ತಿ ದಿನ ಬಾಳುತ್ತಿರಲಿಲ್ಲ ಅಂತ ನನ್ನ ಎಣಿಕೆ.

ಹಳೆಯದರ ಸುರುಳಿ? ಸುತ್ತು ಸುತ್ತಿನ ಮಧ್ಯೆ ಒಂದೇ ಅಂತರ, ಎಲ್ಲೂ ಜೋತಿಲ್ಲ, ನಟ್ಟನಡುವೆ ನಿಂತಿದೆ. ಪಾಪ, ಎಲೆಕ್ಟ್ರಾನ್ ಕೊಡುವ ಶಕ್ತಿ ಮುಗಿದು ಸೋತಿತ್ತು. ಕಟ್ಟಡದಲ್ಲಿ ಬಿರುಕಿರಲಿಲ್ಲ.

ನಮ್ಮ ಹಳೇ ಬೆಂಚಿನಲ್ಲಿ ಇದರ ಉಲ್ಟಾ ತಲೆನೋವು. ಟ್ರಾವೆಲಿಂಗ್ ವೇವ್ ಟ್ಯೂಬಿನಲ್ಲೂ ಒಂದು ಸುರುಳಿ, ಪೆನ್ನಿನ ಸ್ಪ್ರಿಂಗಿನಷ್ಟು ಸಣ್ಣದು, ಆದರೆ ಉದ್ದ. ಅದರ ನಡುವೆ ಎಲೆಕ್ಟ್ರಾನ್ ಕಿರಣ ಹಾಯುತ್ತದೆ. ಇಲ್ಲಿ ಸುರುಳಿ ಬಿಸಿಯಾಗಬಾರದು, ಆದ ಬಿಸಿ ಹೊರಗೆ ಹೋಗಬೇಕು. ಹಾಗಾಗಿ ಉದ್ದಕ್ಕೂ ಹಿಡಿಯುತ್ತೇವೆ, 120 ಡಿಗ್ರಿಗೊಂದರಂತೆ ಮೂರು ಸಿರಾಮಿಕ್ ಕಡ್ಡಿ. ಬೆರಿಲಿಯಾ ಬಳಸುವುದು ಇಲ್ಲೇ, ಅದು ಅಲ್ಯೂಮಿನಾಗಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಕಡ್ಡಿ ದಪ್ಪ ಇದ್ದರೆ ಹಿಡಿತ ಗಟ್ಟಿ, ಆದರೆ ಸಿರಾಮಿಕ್ ಜಾಸ್ತಿ ಆದಷ್ಟೂ ಸುರುಳಿಯ ಮೇಲಿನ ಅಲೆಗೆ ಅಡ್ಡಿ. ಹೊರಕೊಳವೆಯನ್ನು ಮೂರು ಕಡೆಯಿಂದ ಒತ್ತಿ ಸ್ವಲ್ಪ ಮುಮ್ಮೂಲೆ ಮಾಡುವುದು, ಸುರುಳಿ ಮತ್ತು ಕಡ್ಡಿ ಒಳಗೆ ಜಾರಿಸುವುದು, ಒತ್ತಡ ಬಿಡುವುದು. ಕೊಳವೆ ಮತ್ತೆ ದುಂಡಗಾಗಲು ಹೋಗಿ ಕಡ್ಡಿಗಳನ್ನು ಕಚ್ಚಿ ಹಿಡಿಯುತ್ತದೆ. ಇಲ್ಲವೇ ಕೊಳವೆ ಕಾಯಿಸಿ, ತಣ್ಣನೆಯ ಸುರುಳಿ ಇಳಿಸಿ, ಆರಲು ಬಿಡುವುದು. ಕಚ್ಚು ಸಡಿಲ ಆದ ಜಾಗದಲ್ಲಿ ಶಾಖ ದಾಟುವುದಿಲ್ಲ, ಸುರುಳಿ ಅಲ್ಲೇ ಸುಡುತ್ತದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳಲ್ಲಿ ಇರುವುದು ಇದೇ ಜಾತಿಯ ಟ್ಯೂಬು. ರಾಕೆಟ್ಟಿನ ಅಷ್ಟೂ ನಡುಕವನ್ನು ದಾಟಿಕೊಂಡು ಹೋಗಿದ್ದು. ಇಲ್ಲಿ ಒಂದು ರಟ್ಟಿನ ಡಬ್ಬ ಬಿದ್ದಿದ್ದಕ್ಕೆ ಕಥೆ ಮುಗಿಯಿತು.

ಇಷ್ಟೆಲ್ಲ ನೋಡಿದ ಮೇಲೆ ಆಯ್ಕೆ ಕಷ್ಟ ಆಗಲಿಲ್ಲ. ಹಳೆಯ ಟ್ಯೂಬ್ ಮಾಡಿದವರದ್ದೇ ಎರಡನೆಯದನ್ನು ತರಿಸಿದೆ. ಎರಡೂ ತುದಿಗೆ ಅಚ್ಚು ಹಾಕಿದ ಫೋಮ್, ನಡುವೆ ಟ್ಯೂಬ್ ಎಲ್ಲೂ ಗೋಡೆ ಮುಟ್ಟದ ಹಾಗೆ ಕೂತಿತ್ತು. ಮೂರೂ ಕಡೆ ತಿರುಗಿಸಿದೆ, 0.3 ಕದಲಲಿಲ್ಲ. ತಟ್ಟಿದೆ, ಕದಲಲಿಲ್ಲ. ಓವನ್ನಿಗೆ ಹಾಕಿ ಅದೇ ಒಂದು ಲೀಟರ್ ನೀರಿಗೆ 60 ಸೆಕೆಂಡ್: 12 ಡಿಗ್ರಿ. 840 ವ್ಯಾಟ್. ಹದಿನಾಲ್ಕು ತಿಂಗಳಾಯಿತು, ಮೊನ್ನೆ ಮತ್ತೆ ಅಳೆದೆ, 12ಕ್ಕೆ ಚೂರು ಕಡಿಮೆ.

ಒಂದು ಸ್ಟಾರ್ ಯಾಕೆ ಕಡಿತ? ಪಿನ್‌ಗಳ ಮುಖ ಹಳೆಯದಕ್ಕೆ ವಿರುದ್ಧ ದಿಕ್ಕಿಗಿತ್ತು, ವೈರ್ ಎಳೆದು ತಿರುಗಿಸಬೇಕಾಯಿತು. ಆಂಟೆನಾ, ಅಂದರೆ ಟ್ಯೂಬಿನಿಂದ ಮೈಕ್ರೋವೇವ್ ಹೊರಬರುವ ತುದಿ, ಅದರ ಬುಡಕ್ಕೆ ಹಾಕುವ ಲೋಹದ ಜಾಲರಿ ಉಂಗುರ ಡಬ್ಬದಲ್ಲಿ ಇರಲಿಲ್ಲ. ಹಳೆಯದನ್ನೇ ಒರೆಸಿ ಹಾಕಿದೆ, ಅದು ಚೆನ್ನಾಗಿದ್ದಿದ್ದು ನನ್ನ ಅದೃಷ್ಟ. ಅದಿಲ್ಲದೆ ಹಾಕಿದರೆ ಸಂದಿಯಲ್ಲಿ ಕಿಡಿ ಹಾರುತ್ತದೆ, ಮೈಕ್ರೋವೇವ್ ಸೋರುತ್ತದೆ.

ಕೊಯ್ದ ಎರಡು ಟ್ಯೂಬುಗಳೂ ನನ್ನ ಮೇಜಿನ ಮೇಲಿವೆ, ಬಾಯಿ ಮುಚ್ಚಿದ ಡಬ್ಬಿಯಲ್ಲಿ, ಥೋರಿಯಂ ಇದೆ ಅಂತ ಚೀಟಿ ಅಂಟಿಸಿ. ಹುಡುಗ ಈಗ ಯಾವ ಹೊಸ ಟ್ಯೂಬ್ ಬಂದರೂ ಮೊದಲು ಅಡ್ಡ ಮಲಗಿಸುತ್ತಾನೆ.