ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ: ‘ರಿಮೆಂಬರ್’ ಪುಟ ತೆಗೆದು ನೋಡಿ

ಇಂಗ್ಲಿಷ್ ಡಿಕ್ಷನರಿ ಕೊಳ್ಳುವ ಮುಂಚೆ ಅಂಗಡಿಯಲ್ಲೇ ‘ರಿಮೆಂಬರ್’ ಹುಡುಕಿ ಓದಿ. ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ನನ್ನ ಮಟ್ಟಿಗೆ ಡಿಕ್ಷನರಿಗೆ ಇದೇ ಪರೀಕ್ಷೆ. ‘ನೆನಪಿಟ್ಟುಕೊಳ್ಳು’ ಅಂತ ಬರೆದು ಸುಮ್ಮನಾದರೆ ಮಕ್ಕಳಿಗೆ ಅರ್ಥ ಸಿಗುತ್ತದೆ, ವಾಕ್ಯ ಮಾಡಲು ಬರುವುದಿಲ್ಲ.

ಈ ಡಿಕ್ಷನರಿ ವಾಕ್ಯ ಮಾಡುವುದನ್ನೂ ಕಲಿಸುತ್ತದೆ. ‘ರಿಮೆಂಬರ್’ಗೆ ‘ಇಂಗ್’ ಹಚ್ಚಿ, ಈಗ ನಡೆಯುತ್ತಿರುವ ಕೆಲಸದ ಹಾಗೆ ಸಾಮಾನ್ಯವಾಗಿ ಹೇಳುವುದಿಲ್ಲ ಅಂತ ಮೊದಲೇ ಸೂಚನೆ ಇದೆ. ‘ಹೆಸರು ನೆನಪಾಗ್ತಿಲ್ಲ’ ಅನ್ನುವ ನಾವು ಸಲೀಸಾಗಿ ‘ಐ ಆಮ್ ನಾಟ್ ರಿಮೆಂಬರಿಂಗ್’ ಅಂದುಬಿಡುತ್ತೇವೆ ಅಲ್ವಾ? ‘ಐ ಡೋಂಟ್ ರಿಮೆಂಬರ್’ ಅನ್ನಬೇಕು. ಮುಂದೆ ಯಾವ ಪದ ಬರಬೇಕು ಅನ್ನುವುದು ದಪ್ಪ ಅಕ್ಷರದಲ್ಲಿದೆ. ‘ಐ ರಿಮೆಂಬರ್ಡ್ ಟು ಲಾಕ್ ದ ಡೋರ್’ ಅಂದರೆ ಮರೆಯದೆ ಬೀಗ ಹಾಕಿದೆ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಅಂದರೆ ಬೀಗ ಹಾಕಿದ್ದು ನೆನಪಿದೆ.

ತರಗತಿಯಲ್ಲಿ ಜಾಸ್ತಿ ತೊಡಕಾಗುವುದು ‘ರಿಮೈಂಡ್’ ಬಂದಾಗ. ‘ಮಿಸ್, ನಾಳೆ ರಿಮೆಂಬರ್ ಮಾಡಿ’ ಅನ್ನುತ್ತಾರೆ ಮಕ್ಕಳು. ನಾನು ಕನ್ನಡದಿಂದಲೇ ಹೇಳಿಕೊಡುತ್ತೇನೆ: ನಾವೇ ನೆನಪು ಮಾಡಿಕೊಂಡರೆ ರಿಮೆಂಬರ್, ಇನ್ನೊಬ್ಬರಿಗೆ ನೆನಪು ಮಾಡಿದರೆ ರಿಮೈಂಡ್. ‘ಅವನಿಗೆ’ ಅಂದು ಅಭ್ಯಾಸವಾಗಿ ‘ರಿಮೈಂಡ್ ಟು ಹಿಮ್’ ಅಂತಲೂ ಬರೆಯುತ್ತಾರೆ. ಡಿಕ್ಷನರಿಯಲ್ಲಿ ‘ರಿಮೈಂಡ್ ಸಂಬಡಿ’ ಅಂತಿದೆ, ನಡುವೆ ‘ಟು’ ಇಲ್ಲ. ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಬೇಗ ಹಿಡಿಯುತ್ತಾರೆ.

ನನಗೆ ತುಂಬಾ ಇಷ್ಟ ‘ರಿಮೆಂಬರ್ ಮಿ ಟು ಯುವರ್ ಮದರ್’ ಅನ್ನುವ ಬಗೆ. ನೆಂಟರನ್ನು ಬಸ್ ಹತ್ತಿಸುವಾಗ ‘ಅಮ್ಮನನ್ನ ಕೇಳಿದೆ ಅಂತ ಹೇಳು’ ಅನ್ನುತ್ತೇವಲ್ಲ, ಅದೇ ಮಾತು. ಬರೀ ಅರ್ಥ ಕೊಡುವ ಪುಸ್ತಕದಲ್ಲಿ ಇದು ಸಿಗುವುದು ಕಷ್ಟ.

ಕಲಿಯುವವರು ಎಲ್ಲಿ ಎಡವುತ್ತಾರೆ ಅಂತ ಮೇಷ್ಟ್ರಿಗೆ ಗೊತ್ತಿರುತ್ತದೆ. ಇದನ್ನು ಮಾಡಿದ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಇಬ್ಬರು ಜೊತೆಗಾರರೊಂದಿಗೆ ಅವರು ಸಿದ್ಧಪಡಿಸಿದ ಡಿಕ್ಷನರಿ ಮೊದಲು ಅಚ್ಚಾದದ್ದು 1942ರಲ್ಲಿ, ಜಪಾನಿನಲ್ಲೇ. ಆಕ್ಸ್‌ಫರ್ಡ್ ಅದನ್ನು 1948ರಲ್ಲಿ ತಂದಿತು. 10ನೇ ಆವೃತ್ತಿ 2020ರದು.

ಕೊರತೆ ಇಲ್ಲದಿಲ್ಲ. ವಿವರಣೆಯೆಲ್ಲ ಇಂಗ್ಲಿಷಿನಲ್ಲೇ ಇದೆ. ಸುಲಭ ಪದಗಳಲ್ಲೇ ಬರೆದಿದ್ದಾರೆ ನಿಜ, ಆದರೂ ಈಗಷ್ಟೇ ಓದಲು ಕಲಿತ ಮಗುವಿನ ಕೈಗೆ ಸುಮ್ನೆ ಕೊಟ್ಟರೆ ಪ್ರಯೋಜನವಿಲ್ಲ, ಪಕ್ಕದಲ್ಲಿ ದೊಡ್ಡವರು ಕೂರಬೇಕು. ಪುಸ್ತಕದ ತೂಕವೂ ಜಾಸ್ತಿ, ದಿನಾ ಬ್ಯಾಗಿನಲ್ಲಿ ಹೊರುವಂಥದ್ದಲ್ಲ. ಪದ ನೋಡುವುದಷ್ಟೇ ಆದರೆ ಅವರ ವೆಬ್‌ಸೈಟಿನಲ್ಲಿ ದುಡ್ಡು ಕೊಡದೆ ನೋಡಬಹುದು, ಉಚ್ಚಾರಣೆಯನ್ನೂ ಕೇಳಬಹುದು.

ಶಾಲೆಯ ಲೈಬ್ರರಿಗೆ ಒಂದು ಪ್ರತಿ ಇರಲೇಬೇಕು. ಹೊಸದು ದುಬಾರಿ ಅನಿಸಿದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ. ಒಂದೆರಡು ಆವೃತ್ತಿ ಹಳೆಯದಾದರೂ ನಮ್ಮ ಮಕ್ಕಳ ಕೆಲಸಕ್ಕೆ ಧಾರಾಳವಾಗಿ ಸಾಕು.