‘ಮೈ ವಾಯ್ಸ್’: ಪ್ರಸಾರ ಮಾಡದೆ ಉಳಿಸಿಕೊಂಡ ಮಾತುಗಳ ಆತ್ಮಕಥನ

1996ರಲ್ಲಿ ನ್ಯೂಯಾರ್ಕಿನ ‘ಹಾಟ್ 97’ ರೇಡಿಯೋ ಕೇಂದ್ರದ ನಿರೂಪಕಿ ಆಂಜೀ ಮಾರ್ಟಿನೆಜ್ ಲಾಸ್ ಏಂಜಲೀಸಿಗೆ ಹೋಗಿ ಪಶ್ಚಿಮ ಕರಾವಳಿಯ ರ‍್ಯಾಪರ್ ಟುಪಾಕ್ ಶಕೂರ್ ಅವರೊಂದಿಗೆ ಎರಡು ಗಂಟೆಗೂ ಮೀರಿ ಮಾತನಾಡಿ ಬಂದರು. ಕೇಳುಗರಿಗೆ ಅದರಲ್ಲಿ ಸಣ್ಣದೊಂದು ಭಾಗವನ್ನು ಮಾತ್ರ ಕೇಳಿಸಿದರು. ಅಮೆರಿಕದ ಪೂರ್ವ ಮತ್ತು ಪಶ್ಚಿಮ ಕರಾವಳಿಗಳ ರ‍್ಯಾಪರ್‌ಗಳ ನಡುವಿನ ವೈಷಮ್ಯ ಹೊತ್ತಿ ಉರಿಯುತ್ತಿದ್ದ ಕಾಲವದು. ಪ್ರಸಾರವಾದರೆ ಬೆಂಕಿಗೆ ತುಪ್ಪ, ಮುಚ್ಚಿಟ್ಟರೆ ವೃತ್ತಿಯ ಬಹುದೊಡ್ಡ ಸಂದರ್ಶನವೇ ವ್ಯರ್ಥ. ಆ ಧ್ವನಿಮುದ್ರಿಕೆ ಅವರ ಪಾಲಿಗೆ ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಯಿತು. ಅದೇ ವರ್ಷದ ಸೆಪ್ಟೆಂಬರ್ 13ರಂದು ಟುಪಾಕ್, ಮರುವರ್ಷದ ಮಾರ್ಚ್ 9ರಂದು ಎದುರು ಪಾಳಯದ ನ್ಯೂಯಾರ್ಕ್ ರ‍್ಯಾಪರ್ ನಟೋರಿಯಸ್ ಬಿ.ಐ.ಜಿ. ಗುಂಡೇಟಿಗೆ ಬಲಿಯಾದರು.

2016ರಲ್ಲಿ ಹೊರಬಂದ ಮಾರ್ಟಿನೆಜ್ ಅವರ ಆತ್ಮಕಥನ ‘ಮೈ ವಾಯ್ಸ್’ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಭಾಗವೇ. ಸಂಗೀತ ಪತ್ರಿಕೋದ್ಯಮದಲ್ಲಿ ಯಾರು ಯಾರನ್ನು ಮೊದಲು ಮಾತನಾಡಿಸಿದರು ಎಂಬುದಕ್ಕೇ ಬೆಲೆ ಹೆಚ್ಚು. ದೊರೆತ ಮಾತನ್ನು ಏಕೆ ತಡೆಹಿಡಿದೆ ಎಂದು ಲೆಕ್ಕ ಒಪ್ಪಿಸುವವರು ಕಡಿಮೆ. ಇಪ್ಪತ್ತೈದರ ಆಸುಪಾಸಿನ ತರುಣಿಯೊಬ್ಬಳು, ತಾನು ಬಿತ್ತರಿಸುವ ಒಂದು ವಾಕ್ಯದಿಂದ ಬೀದಿಯಲ್ಲಿ ಯಾರದಾದರೂ ಪ್ರಾಣ ಹೋಗಬಹುದೆಂಬ ಭಯವನ್ನು ಹೊತ್ತು ಸಂಕಲನಕ್ಕೆ ಕುಳಿತದ್ದು ಪತ್ರಿಕೋದ್ಯಮದ ಯಾವ ತರಗತಿಯಲ್ಲೂ ಪಾಠವಾಗಬಲ್ಲದು.

ಉಳಿದ ಪುಟಗಳೂ ನೀರಸವಲ್ಲ. ತಾಯಿಯೂ ರೇಡಿಯೋದಲ್ಲೇ ದುಡಿಯುತ್ತಿದ್ದುದರಿಂದ ಕೇಂದ್ರದ ವಾತಾವರಣ ಮಾರ್ಟಿನೆಜ್ ಅವರಿಗೆ ಹೊಸದಾಗಿರಲಿಲ್ಲ. ಆದರೂ ಅವರು ತರಬೇತಿಯ ಹುಡುಗಿಯಾಗಿ, ಚಿಲ್ಲರೆ ಕೆಲಸಗಳನ್ನು ಮಾಡುತ್ತಲೇ ಮೈಕಿನವರೆಗೆ ಬಂದವರು. ನೃತ್ಯಸಂಗೀತ ಹಾಕುತ್ತಿದ್ದ ಹಾಟ್ 97 ತೊಂಬತ್ತರ ದಶಕದ ಆರಂಭದಲ್ಲಿ ರ‍್ಯಾಪ್ ಪ್ರಧಾನವಾದ ಹಿಪ್-ಹಾಪ್ ಸಂಗೀತದ ಕಡೆಗೆ ತಿರುಗಿದಾಗ ಅವರು ಅಲ್ಲಿಯೇ ಇದ್ದರು. ಹೀಗಾಗಿ ಅವರ ವೃತ್ತಿಯ ಕಥೆಯೂ ಈ ಸಂಗೀತ ನ್ಯೂಯಾರ್ಕಿನ ವಾಣಿಜ್ಯ ರೇಡಿಯೋದಲ್ಲಿ ನೆಲೆಯೂರಿದ ಕಥೆಯೂ ಒಂದಕ್ಕೊಂದು ಹೆಣೆದುಕೊಂಡಿವೆ. 2001ರಲ್ಲಿ ರ‍್ಯಾಪರ್ ನಾಸ್ ವಿರುದ್ಧದ ಹಾಡಿನ ಜಗಳದಲ್ಲಿ ಹದ್ದು ಮೀರಿದ ಮತ್ತೊಬ್ಬ ರ‍್ಯಾಪರ್ ಜೇ-ಝೀ ತಮ್ಮ ತಾಯಿಯ ಗದರಿಕೆಗೆ ಮಣಿದು ಕ್ಷಮೆ ಕೇಳಿದ್ದು ಕೂಡ ಇವರ ಕಾರ್ಯಕ್ರಮಕ್ಕೇ ಕರೆ ಮಾಡಿ. (ರ‍್ಯಾಪ್ ಲೋಕದ ಅಂತಿಮ ನ್ಯಾಯಾಲಯ ಯಾವುದೆಂಬುದು ಅಂದು ಇತ್ಯರ್ಥವಾಯಿತು.)

ನನ್ನ ತಕರಾರು ಬೇರೆ ಕಡೆ ಇದೆ. ಮಾರ್ಟಿನೆಜ್ ಕೇವಲ ಸಂದರ್ಶಕಿಯಾಗಿ ಉಳಿದವರಲ್ಲ. 1997ರಲ್ಲಿ ಲಿಲ್ ಕಿಮ್, ಮಿಸ್ಸಿ ಎಲಿಯಟ್ ಮೊದಲಾದ ರ‍್ಯಾಪ್ ಗಾಯಕಿಯರ ಜೊತೆಗೂಡಿ ಹಾಡಿದ ಗೀತೆ ಗ್ರ್ಯಾಮಿ ನಾಮನಿರ್ದೇಶನವನ್ನೂ ಪಡೆಯಿತು. 2001 ಮತ್ತು 2002ರಲ್ಲಿ ಅವರದೇ ಎರಡು ಆಲ್ಬಂಗಳು ಬಂದವು. ಇಂದು ಯಾರ ಜೊತೆ ಹಾಡುತ್ತೇನೋ ನಾಳೆ ಅವರನ್ನೇ ಕಟುವಾಗಿ ಪ್ರಶ್ನಿಸುವುದು ಹೇಗೆ? ಈ ಪ್ರಶ್ನೆಯನ್ನು ಅಗೆಯಲು ಇವರಿಗಿಂತ ಅರ್ಹರು ಸಿಗಲಾರರು, ಆದರೂ ಪುಸ್ತಕ ಅದರ ಅಂಚಿಗೆ ಬಂದು ಮೆಲ್ಲನೆ ಜಾರಿಕೊಳ್ಳುತ್ತದೆ. ಗೆಳೆತನದ ಬೆಚ್ಚನೆ ಧಾಟಿ ಹಲವೆಡೆ ಮೃದುತ್ವಕ್ಕೆ ತಿರುಗಿ, ಇನ್ನೂ ಉದ್ಯಮದಲ್ಲಿರುವವರ ಮನಸ್ಸು ನೋಯಬಾರದೆಂಬ ಎಚ್ಚರಿಕೆ ಎದ್ದು ಕಾಣುತ್ತದೆ. ರ‍್ಯಾಪರ್ ಜೆ. ಕೋಲ್ ಬರೆದ ಮುನ್ನುಡಿಯೂ ಅಭಿಮಾನದ್ದೇ.

2014ರ ಜೂನ್‌ನಲ್ಲಿ, ಕಾಲು ಶತಮಾನಕ್ಕೂ ಹೆಚ್ಚು ಕಾಲ ತಮ್ಮ ಮನೆಯಂತಿದ್ದ ಕೇಂದ್ರವನ್ನು ತೊರೆದು ಪ್ರತಿಸ್ಪರ್ಧಿ ‘ಪವರ್ 105.1’ಕ್ಕೆ ಹೋದ ಪ್ರಸಂಗದಲ್ಲಿ ಮಾತ್ರ ಈ ಜಾಗರೂಕತೆ ಕಳಚಿಕೊಂಡು ಅಳುಕು, ಅಪರಾಧಭಾವ ಮತ್ತು ಹಟ ಒಟ್ಟಿಗೇ ಮಾತನಾಡುತ್ತವೆ.

ಭಾಷೆ ಆಡುಮಾತಿಗೆ ಹತ್ತಿರವಾಗಿದ್ದು ಓದು ಸಲೀಸಾಗಿ ಸಾಗುತ್ತದೆ. ತೊಂಬತ್ತರ ದಶಕದ ರ‍್ಯಾಪ್ ಪರಿಚಯವೇ ಇಲ್ಲದವರಿಗೆ ಹೆಸರುಗಳ ಸಾಲು ದಣಿವು ತರಬಹುದು; ಅಂಥವರು ಟುಪಾಕ್ ಸಂದರ್ಶನದ ಭಾಗದಿಂದಲೇ ಶುರುಮಾಡಿ, ಆಮೇಲೆ ಹಿಂದಕ್ಕೆ ಬರುವುದು ಒಳಿತು. ಮಾರ್ಟಿನೆಜ್ 2022ರಲ್ಲಿ ಆರಂಭಿಸಿದ ಪಾಡ್‌ಕಾಸ್ಟ್‌ನ ಕಥೆಯನ್ನು ಇಲ್ಲಿ ನಿರೀಕ್ಷಿಸಬೇಡಿ, ಪುಸ್ತಕ ಅದಕ್ಕಿಂತ ಆರು ವರ್ಷ ಹಳೆಯದು.